ಹುಣ್ಣು, ಕೀವು, ನಂಜು: ಗಾಯಕ್ಕೆ ಸಂಬಂಧಿಸಿದ ಕನ್ನಡ ಶಬ್ದಗಳು ಮತ್ತು ಮಧ್ಯಯುಗದ ಇಂಗ್ಲಿಷ್

ಶರೀರಕ್ಕೆ ಸಂಬಂಧಪಟ್ಟ ಶಬ್ದಗಳು ಯಾವುದೇ ಭಾಷೆಯ ಅತ್ಯಂತ ಹಳೆಯ ಪದರಕ್ಕೆ ಸೇರಿದುವೆಂಬುದು ಭಾಷಾಶಾಸ್ತ್ರದ ಅಭ್ಯಾಸಿಗಳಿಗೆಲ್ಲ ತಿಳಿದ ವಿಷಯ. ಕಣ್ಣು, ಕಿವಿ, ಕೈ, ಕಾಲು ಎಂಬ ಮಾತುಗಳ ಬಗೆಗೆ ದ್ರಾವಿಡ ಭಾಷಾವಿಜ್ಞಾನಿಗಳು ಸಾಕಷ್ಟು ಬರೆದಿದ್ದಾರೆ. ಆದರೆ ಅದೇ ಶರೀರ ಕೆಡುವಾಗ, ಒಡೆಯುವಾಗ, ಸೋರುವಾಗ ಜನ ಬಳಸುವ ಶಬ್ದಗಳ ಕಡೆಗೆ ನಮ್ಮ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಕೀವು, ರಸಿಗೆ, ಗೀಜು, ಗುಗ್ಗೆ ಮೊದಲಾದುವು ಸಭೆಯಲ್ಲಿ ಆಡುವ ಮಾತುಗಳಲ್ಲ. ಕಾವ್ಯದಲ್ಲಿ ಬಂದರೆ ಬೀಭತ್ಸರಸಕ್ಕೆ ಮಾತ್ರ ಬರುವುವು. ಹೀಗಾಗಿ ಅವು ನಿಘಂಟಿನಲ್ಲಿ ಒಂದೊಂದು ಸಾಲಿನ ಅರ್ಥ ಪಡೆದು ಸುಮ್ಮನಿವೆ. ಈ ಲೇಖನದಲ್ಲಿ ಅಂಥ ಕೆಲವು ಶಬ್ದಗಳನ್ನು ಒಟ್ಟಿಗೆ ಇರಿಸಿ ನೋಡಲು ಯತ್ನಿಸುತ್ತೇವೆ. ಹೋಲಿಕೆಗೆಂದು ಮಧ್ಯಯುಗದ ಇಂಗ್ಲಿಷನ್ನು ತೆಗೆದುಕೊಂಡಿದ್ದೇವೆ.

ಈ ಹೋಲಿಕೆ ಏಕೆಂಬುದನ್ನು ಮೊದಲಿಗೇ ಹೇಳುವುದು ಒಳ್ಳೆಯದು. ಹದಿನಾಲ್ಕನೆಯ ಶತಮಾನದ ಕೊನೆಯಿಂದ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯದ ಗ್ರಂಥಗಳು ಲ್ಯಾಟಿನ್ನಿನಿಂದ ದೇಶಭಾಷೆಗೆ ಇಳಿಯತೊಡಗಿದುವು. ಮಿಲಾನಿನ ಲಾನ್‌ಫ್ರಾಂಕನು 1296ರಲ್ಲಿ ಮುಗಿಸಿದ ದೊಡ್ಡ ಗ್ರಂಥ, ಗೀ ದ ಶೋಲಿಯಾಕನು 1363ರಲ್ಲಿ ರಚಿಸಿದ ಗ್ರಂಥ, ನ್ಯೂವಾರ್ಕ್ ಊರಿನ ಶಸ್ತ್ರವೈದ್ಯ ಜಾನ್ ಆರ್ಡರ್ನನ ಬರಹಗಳು, ಇವೆಲ್ಲ ಇಂಗ್ಲಿಷಿನಲ್ಲಿ ದೊರೆಯುವಂತಾದುವು. ನಮ್ಮಲ್ಲಿ ಈ ಕೆಲಸ ಅದಕ್ಕಿಂತ ಮುಂಚೆಯೇ ನಡೆದಿತ್ತು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೈದ್ಯಕ್ಕೆ ಸ್ಥಾನವುಂಟು, ಸುಮಾರು 1125ರಲ್ಲಿ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಸುಮಾರು 1360ರಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಎರಡು ಕಡೆಯೂ ಸಮಸ್ಯೆ ಒಂದೇ ಆಗಿತ್ತು: ಶಾಸ್ತ್ರದ ಭಾಷೆ ಬೇರೆ, ರೋಗಿಯ ಭಾಷೆ ಬೇರೆ. ಮುಂದೆ ನಡೆದುದು ಮಾತ್ರ ಒಂದೇ ತೆರನಾಗಿರಲಿಲ್ಲ. ಇಂಗ್ಲಿಷು ತನ್ನ ಹಳೆಯ ಶಬ್ದಗಳಲ್ಲಿ ಬಹುಭಾಗವನ್ನು ಕಳೆದುಕೊಂಡಿತು. ಕನ್ನಡ ಇನ್ನೂ ಕಳೆದುಕೊಂಡಿಲ್ಲ.

‘ಹುಣ್ಣು’ ಮತ್ತು ‘ಗಾಯ’ ಎಂಬ ಎರಡು ಮಾತುಗಳಿಂದ ಪ್ರಾರಂಭಿಸೋಣ. ಹುಣ್ಣಿನ ಹಳಗನ್ನಡ ರೂಪ ‘ಪುಣ್’. ತಮಿಳಿನಲ್ಲಿ ಇಂದಿಗೂ ಪುಣ್, ಮಲಯಾಳದಲ್ಲಿ ಪುಣ್ಣ್, ತೆಲುಗಿನಲ್ಲಿ ಪುಂಡು. ಪಕಾರವು ಹಕಾರವಾಗುವ ಕನ್ನಡದ ವಿಶೇಷ ಧ್ವನಿನಿಯಮದಂತೆ ನಡುಗನ್ನಡದ ವೇಳೆಗೆ ‘ಹುಣ್ಣು’ ನೆಲೆಗೊಂಡಿತು. ‘ಗಾಯ’ವಾದರೋ ಹೊರಗಿನಿಂದ ಬಂದದ್ದು. ಸಂಸ್ಕೃತದ ‘ಘಾತ’, ಪ್ರಾಕೃತದಲ್ಲಿ ‘ಘಾಯ’, ಕನ್ನಡದಲ್ಲಿ ‘ಗಾಯ’. ಹಿಂದಿಯ ‘ಘಾವ್’ ಸಹ ಇದರ ಒಡಹುಟ್ಟು. ಪೆಟ್ಟು ಎಂಬುದು ಮೂಲಾರ್ಥ, ಪೆಟ್ಟಿನ ಫಲ ಎಂಬುದು ಆಮೇಲಿನ ಅರ್ಥ.

ಇಲ್ಲಿ ಗಮನಿಸಬೇಕಾದುದು ಶಬ್ದ ಬಂದುದನ್ನಲ್ಲ, ಬಂದಮೇಲೆ ಆದ ಹಂಚಿಕೆಯನ್ನು. ಹಳಗನ್ನಡದಲ್ಲಿ ಪುಣ್ ಎಂಬುದು ಆಯುಧದಿಂದಾದ ಗಾಯಕ್ಕೂ ಸಲ್ಲುತ್ತಿದ್ದಿತು. ತಮಿಳಿನಲ್ಲಿ ಇದು ಇನ್ನೂ ಸ್ಪಷ್ಟ: ಯುದ್ಧದಲ್ಲಿ ಎದೆಯೊಡ್ಡಿ ಪಡೆದ ಕೀರ್ತಿಯ ಗಾಯಕ್ಕೆ ತಿರುಕ್ಕುರಳಿನಲ್ಲಿ ‘ವಿೞುಪ್ಪುಣ್’ ಎಂಬ ಸಮಾಸಪದವೇ ಇದೆ. ಕನ್ನಡದಲ್ಲಿ ಗಾಯ ಬೇರೂರಿದ ಬಳಿಕ ಪುಣ್ಣಿನ ವ್ಯಾಪ್ತಿ ಕಿರಿದಾಯಿತು. ಇಂದು ಕುಡುಗೋಲು ತಾಗಿದರೆ ಆಗುವುದು ಗಾಯ. ಅದು ಮಾಯದೆ ಹಾಗೆಯೇ ಉಳಿದರೆ ಹುಣ್ಣು. ಬಾಯಲ್ಲಿ ತಾನಾಗಿ ಏಳುವುದು ಹುಣ್ಣು. ಬಾಯಿಗೆ ಕಲ್ಲು ಬಡಿದರೆ ಗಾಯ. ಯಾವ ಹಳ್ಳಿಯ ಹೆಂಗಸೂ ಇವೆರಡನ್ನು ಅದಲುಬದಲು ಮಾಡಿ ಹೇಳುವುದಿಲ್ಲ. ಸುಶ್ರುತನು ವ್ರಣವನ್ನು ‘ಶಾರೀರ’, ‘ಆಗಂತು’ ಎಂದು ಎರಡಾಗಿ ವಿಂಗಡಿಸಿದ್ದಾನೆ. ದೇಹದ ಒಳದೋಷದಿಂದ ಹುಟ್ಟಿದುದು ಮೊದಲನೆಯದು, ಹೊರಗಿನಿಂದ ತಗುಲಿದುದು ಎರಡನೆಯದು. ಶಾಸ್ತ್ರವನ್ನು ಓದದ ಕನ್ನಡವು ಅದೇ ವಿಭಾಗವನ್ನು ಎರಡು ಬಿಡಿ ಶಬ್ದಗಳಿಂದ ಸಾಧಿಸಿಕೊಂಡಿದೆ. ‘ವ್ರಣ’ ಎಂಬ ಒಂದೇ ಮಾತನ್ನು ಎರಡಕ್ಕೂ ಹಾಕಿದರೆ ಆ ಭೇದ ಅಳಿಸಿಹೋಗಿ, ಮತ್ತೆ ವಿಶೇಷಣ ಹಚ್ಚಿ ಅದನ್ನು ಮರಳಿ ತರಬೇಕಾಗುತ್ತದೆ. ಇಂಗ್ಲಿಷಿನಲ್ಲಿಯೂ ‘ವೂಂಡ್’ ಮತ್ತು ‘ಸೋರ್’ ಎಂಬ ಹಳೆಯ ಶಬ್ದಗಳ ನಡುವೆ ಹೆಚ್ಚುಕಡಿಮೆ ಇದೇ ಹಂಚಿಕೆಯಾಗಿದೆ. (ಇಂಗ್ಲಿಷಿನ ಸೋರ್‌ಗೂ ಕನ್ನಡದ ಸೋರುವುದಕ್ಕೂ ನಂಟು ಕಲ್ಪಿಸಲು ವಿದ್ಯಾರ್ಥಿಗಳಿಗೆ ಆಸೆಯಾಗುವುದು ಸಹಜ. ನಂಟೇನೂ ಇಲ್ಲ; ಅದು ನೋವೆಂಬ ಅರ್ಥದ ಜರ್ಮಾನಿಕ್ ಶಬ್ದ.)

ಯುದ್ಧದ ಗಾಯದ ಮಾತು ಬಂದುದರಿಂದ ಶಾಸನಗಳ ಒಂದು ಶಬ್ದವನ್ನು ಇಲ್ಲಿಯೇ ಹೇಳಿಬಿಡಬಹುದು. ತುರುಗಳನ್ನು ಕಾಯುತ್ತ, ಊರನ್ನು ಕಾಯುತ್ತ ಬಿದ್ದ ವೀರರ ಮನೆಯವರಿಗೆ ಕೊಟ್ಟ ಭೂಮಿಯನ್ನು ‘ನೆತ್ತರುಗೊಡಗೆ’ ಎಂದು ಕರೆಯುವುದು ವಾಡಿಕೆಯಾಗಿತ್ತು. ರಕ್ತವೆಂಬ ಸಂಸ್ಕೃತ ಶಬ್ದ ಕೈಗೆಟುಕುವಂತಿದ್ದರೂ ಜನ ದಾನದ ಹೆಸರಿಗೆ ನೆತ್ತರನ್ನೇ ಆರಿಸಿಕೊಂಡರು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಆ ಸಂಪುಟವನ್ನು ರಾಜವಂಶಗಳ ಕಾಲನಿರ್ಣಯಕ್ಕಾಗಿ ತಿರುವಿಹಾಕಿದವರು ಬಹಳ ಮಂದಿ. ಇಂಥ ಶಬ್ದಗಳಿಗಾಗಿ ಓದಿದವರು ಕಡಮೆ.

ಇನ್ನು ಕೀವು. ಇದು ಅಪ್ಪಟ ದ್ರಾವಿಡ ಶಬ್ದ. ತಮಿಳಿನಲ್ಲಿ ಸೀ, ಸೀೞ್; ಮಲಯಾಳದಲ್ಲಿ ಚೀ; ತೆಲುಗಿನಲ್ಲಿ ಚೀಮು; ತುಳುವಿನಲ್ಲಿ ಕೀವು. ಇಕಾರ ಎಕಾರಗಳ ಮುಂದೆ ಮೂಲದ ಕಕಾರವು ತಮಿಳು ತೆಲುಗುಗಳಲ್ಲಿ ಚಕಾರವಾಗಿ ತಿರುಗಿತು, ಕನ್ನಡ ಅದನ್ನು ಉಳಿಸಿಕೊಂಡಿತು. ಕಿವಿ ಮತ್ತು ಚೆವಿ, ಕೆಯ್ ಮತ್ತು ಚೇಯು ಎಂಬ ಜೋಡಿಗಳನ್ನು ತರಗತಿಯಲ್ಲಿ ಉದಾಹರಿಸುವ ಅಧ್ಯಾಪಕರು ಕೀವು, ಚೀಮುಗಳನ್ನೂ ಸೇರಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಮೂಗು ಮುರಿದರೂ ಮರೆಯಲಾರರು.

ಕೀವಿನ ಜತೆಗೆ ಬರುವ ‘ರಸಿಗೆ’ಯು ಸಂಸ್ಕೃತದ ರಸಶಬ್ದದ ಬಳಗಕ್ಕೆ ಸೇರಿದ ತದ್ಭವ. ಎರಡೂ ಹುಣ್ಣಿನಿಂದಲೇ ಬರುವುವು. ನಿಘಂಟುಗಳಲ್ಲಿ ಕೆಲವು ವೇಳೆ ಒಂದರ ಅರ್ಥವಾಗಿ ಇನ್ನೊಂದನ್ನು ಕೊಟ್ಟಿರುತ್ತಾರೆ. ಬಳಕೆಯಲ್ಲಿ ಅವು ಒಂದಲ್ಲ. ಕೀವು ಗಟ್ಟಿ, ಬಿಳಿ ಅಥವಾ ಹಳದಿ; ರಸಿಗೆ ತೆಳು, ನೀರಿನಂತಹದು. ಇಸಬಿನಿಂದ ಒಸರುವುದು ರಸಿಗೆ, ಕುರುವನ್ನು ಹಿಚುಕಿದರೆ ಬರುವುದು ಕೀವು. ವೈದ್ಯನಿಗೆ ಈ ಭೇದ ಅಲ್ಪವಾದುದಲ್ಲ. ‘ಮೊನ್ನೆಯವರೆಗೆ ರಸಿಗೆ ಬರುತ್ತಿತ್ತು, ನಿನ್ನೆಯಿಂದ ಕೀವಾಗಿದೆ’ ಎಂದು ರೋಗಿಯ ತಾಯಿ ಹೇಳಿದರೆ, ಆ ಒಂದು ವಾಕ್ಯದಲ್ಲಿ ರೋಗದ ಗತಿಯೇ ಅಡಗಿರುತ್ತದೆ. ಕೇಳುವವನು ಎರಡನ್ನೂ ‘ಸ್ರಾವ’ವೆಂದು ಬರೆದುಕೊಂಡರೆ ಅವಳು ತಂದ ಸುದ್ದಿಯಲ್ಲಿ ಅರ್ಧ ಕಳೆದುಹೋಯಿತು.

ಮಧ್ಯಯುಗದ ಇಂಗ್ಲಿಷಿನಲ್ಲಿ ಕೀವಿಗೆ ಎಷ್ಟೊಂದು ಹೆಸರುಗಳಿದ್ದುವೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಹಳೆಯ ಇಂಗ್ಲಿಷಿನಿಂದ ಬಂದ ‘ವರ್ಸಮ್’ ಇತ್ತು; ‘ಅಟ್ಟರ್’ ಇತ್ತು; ಫ್ರೆಂಚಿನಿಂದ ಬಂದ ‘ಕ್ವಿಟರ್’ ಇತ್ತು; ಕೊಳೆಯೆಂಬರ್ಥದ ‘ಫಿಲ್ತ್’ ಇತ್ತು; ವಸ್ತುವೆಂಬರ್ಥದ ‘ಮ್ಯಾಟರ್’ ಬಂದು ಸೇರಿತು. 1952ರಲ್ಲಿ ಅಚ್ಚಾಗತೊಡಗಿ 2001ರಲ್ಲಿ ಮುಗಿದ ಮಿಷಿಗನ್ ವಿಶ್ವವಿದ್ಯಾನಿಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟಿನಲ್ಲಿ ಇವುಗಳ ಪ್ರಯೋಗಗಳನ್ನು ನೋಡಬಹುದು. 1400ರಿಂದ 1550ರವರೆಗಿನ ಇಂಗ್ಲಿಷ್ ರೋಗನಾಮಗಳನ್ನು ಕುರಿತು ಫಿನ್ಲೆಂಡಿನ ವಿದ್ವಾಂಸ ಯುಹಾನಿ ನೊರ್ರಿ 1992ರಲ್ಲಿ ಒಂದು ಗ್ರಂಥವನ್ನೇ ಬರೆದರು. ಈಗ ಇವುಗಳಲ್ಲಿ ಬಹುತೇಕ ಶಬ್ದಗಳು ಶಿಷ್ಟ ಭಾಷೆಯಿಂದ ಮರೆಯಾಗಿವೆ. ಅವುಗಳ ಸ್ಥಾನದಲ್ಲಿ ಕುಳಿತಿರುವುದು ಲ್ಯಾಟಿನ್ನಿನ ‘ಪಸ್’. ಇದೇ ರೀತಿ ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಕೀವಿನ ಸ್ಥಾನದಲ್ಲಿ ಕುಳಿತಿರುವುದು ಸಂಸ್ಕೃತದ ‘ಪೂಯ’. ವಿನೋದವೆಂದರೆ, ಲ್ಯಾಟಿನ್ನಿನ ಪಸ್, ಸಂಸ್ಕೃತದ ಪೂಯ, ಪೂತಿ, ಗ್ರೀಕಿನ ಪ್ಯೂಆನ್, ಇಂಗ್ಲಿಷಿನದೇ ಆದ ‘ಫೌಲ್’ ಎಲ್ಲವೂ ಒಂದೇ ಮೂಲದವು, ನಾರುವುದು ಎಂಬ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತುವಿನ ಮಕ್ಕಳು. ಗೌರವಕ್ಕಾಗಿ ತಂದುಕೊಂಡ ಶಬ್ದವೂ ತವರಿನಲ್ಲಿ ನಾರುತ್ತಲೇ ಇತ್ತು.

ಮೇಲೆ ಹೇಳಿದ ‘ಕ್ವಿಟರ್’ ಎಂಬುದರ ಇತಿಹಾಸ ಸ್ವಾರಸ್ಯವಾದುದು. ಅದರ ಮೂಲ ಹಳೆಯ ಫ್ರೆಂಚಿನ ಒಂದು ಶಬ್ದ. ಅದರ ಅರ್ಥ ಅಡಿಗೆ, ಬೇಯಿಸುವಿಕೆ. ಕೀವಿಗೂ ಅಡಿಗೆಗೂ ಏನು ಸಂಬಂಧ? ಗ್ರೀಕರ ಕಾಲದಿಂದ ಯೂರೋಪಿನ ವೈದ್ಯರು, ಕೆಟ್ಟ ದೋಷದ್ರವವು ದೇಹದ ಶಾಖದಲ್ಲಿ ಬೆಂದು ಪಕ್ವವಾಗಿ ಹೊರಬರುವುದೇ ಕೀವೆಂದು ನಂಬಿದ್ದರು. ನಮ್ಮಲ್ಲಿಯೂ ‘ಪಾಕ’ವೆಂಬ ಶಬ್ದವೇ ಬಳಕೆಯಾಯಿತು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯವು ಬಾವನ್ನು ‘ಆಮ’, ‘ಪಚ್ಯಮಾನ’, ‘ಪಕ್ವ’ ಎಂಬ ಮೂರು ಅವಸ್ಥೆಗಳಾಗಿ ವಿವರಿಸಿ, ಪಕ್ವವಾಗದುದನ್ನು ಕೊಯ್ಯುವ ವೈದ್ಯನನ್ನೂ ಪಕ್ವವಾದುದನ್ನು ಕೊಯ್ಯದೆ ಬಿಡುವ ವೈದ್ಯನನ್ನೂ ಸಮಾನವಾಗಿ ನಿಂದಿಸುತ್ತದೆ. ಸಂಸ್ಕೃತದಲ್ಲಿ ಪಾಕವೆಂದರೆ ಬೇಯುವುದೂ ಹೌದು, ಹಣ್ಣಾಗುವುದೂ ಹೌದು. ಕನ್ನಡ ಇವೆರಡರಲ್ಲಿ ಅಡಿಗೆಯನ್ನು ಬಿಟ್ಟು ಹಣ್ಣನ್ನು ಆರಿಸಿಕೊಂಡಿತು. ಕುರು ‘ಬೇಯಿತು’ ಎಂದು ನಾವು ಹೇಳುವುದಿಲ್ಲ; ಕುರು ‘ಹಣ್ಣಾಯಿತು’ ಎನ್ನುತ್ತೇವೆ. ಕುರು ಏಳುವುದು, ಬಲಿಯುವುದು, ಹಣ್ಣಾಗುವುದು, ಒಡೆಯುವುದು: ಇದು ಮರದ ಮೇಲಿನ ಕಾಯಿಯ ಕಥೆಯೇ. ಇಂಗ್ಲಿಷಿನಲ್ಲಿ ಕುರುವಿಗಿದ್ದ ‘ಬೈಲ್’ ಎಂಬ ಹಳೆಯ ಹೆಸರು ‘ಬಾಯಿಲ್’ ಎಂದು ಮಾರ್ಪಡುವುದಕ್ಕೆ ಕುದಿಯುವುದೆಂಬರ್ಥದ ಕ್ರಿಯಾಪದದ ಎಳೆತವೇ ಕಾರಣವಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವರಿಗೆ ಒಲೆ, ನಮಗೆ ಮರ.

ಇಲ್ಲಿ ಕನ್ನಡದ ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ಹಣ್ಣಾಗುವುದು ಕುರು ಮಾತ್ರ, ಗಾಯ ಹಣ್ಣಾಗುವುದಿಲ್ಲ. ಗಾಯಕ್ಕೆ ‘ಕೀವಾಗುತ್ತದೆ’, ‘ನಂಜಾಗುತ್ತದೆ’, ‘ಕೊಳೆಯುತ್ತದೆ’. ಮೊದಲನೆಯದು ಬಿಡುಗಡೆಯ ದಾರಿ, ಎರಡನೆಯದು ಕೇಡು. ಯೂರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಎಡವಿದುದು ಈ ಎಡೆಯಲ್ಲಿಯೇ. ಗಾಯದಲ್ಲಿಯೂ ಕೀವಾಗುವುದು ಒಳ್ಳೆಯದು, ಬಿಳಿಯ ಗಟ್ಟಿ ಕೀವು ‘ಶ್ಲಾಘ್ಯ’ವೆಂದು ಅವರು ಬೋಧಿಸಿದರು; ಕೀವಾಗಲೆಂದೇ ಗಾಯಕ್ಕೆ ಔಷಧವಿಟ್ಟರು. ಹದಿಮೂರನೆಯ ಶತಮಾನದಲ್ಲಿ ಥಿಯೊಡೊರಿಕನೂ ಅವನ ಬಳಿಕ ಆಂರಿ ದ ಮೊಂದವೀಲನೂ ಇದನ್ನು ವಿರೋಧಿಸಿ, ಗಾಯವನ್ನು ಶುಚಿಗೊಳಿಸಿ ಮುಚ್ಚಿದರೆ ಕೀವಿಲ್ಲದೆ ಮಾಯುವುದೆಂದು ವಾದಿಸಿದರು. ಅವರ ಮಾತು ನಿಲ್ಲಲಿಲ್ಲ. 1867ರಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಗವನ್ನು ಪ್ರಕಟಿಸಿದ ಮೇಲೆಯೇ ಆ ನಂಬಿಕೆ ಬುಡಸಹಿತ ಅಲುಗಾಡಿದುದು. ಕನ್ನಡದ ನುಡಿಬಳಕೆಯಿಂದ ನಮ್ಮ ಹಳ್ಳಿಯ ವೈದ್ಯರೆಲ್ಲ ಲಿಸ್ಟರನಿಗಿಂತ ಮುಂದಿದ್ದರೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಆದರೆ ಭಾಷೆಯಲ್ಲಿ ಎರಡು ಬೇರೆ ಕ್ರಿಯಾಪದಗಳು ನಿಂತಿದ್ದುವೆಂಬುದು ಸತ್ಯ. ಎರಡನ್ನೂ ‘ಪಾಕ’ವೆನ್ನುವ ಪರಿಭಾಷೆಯಲ್ಲಿ ಆ ಬೇರ್ಪಾಡು ಕಾಣುವುದಿಲ್ಲ.

ಕ್ವಿಟರ್ ಶಬ್ದ ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಸಾಯಲಿಲ್ಲ. ಮನುಷ್ಯರ ವೈದ್ಯದಿಂದ ಹೊರಬಿದ್ದು ಕುದುರೆಯ ಲಾಯಕ್ಕೆ ಹೋಯಿತು. ಕುದುರೆಯ ಗೊರಸಿನ ಮೇಲ್ಭಾಗದ ಮೃದ್ವಸ್ಥಿಯಲ್ಲಿ ಕೀವಾಗಿ ಸೋರುವ ರೋಗಕ್ಕೆ ಪಶುವೈದ್ಯರು ಈಗಲೂ ಅದೇ ಹೆಸರನ್ನು ಬಳಸುತ್ತಾರೆ. ಪಂಡಿತರು ಕೈಬಿಟ್ಟ ಶಬ್ದವನ್ನು ಪ್ರಾಣಿ ಸಾಕುವವರು ಉಳಿಸಿಕೊಳ್ಳುವುದು ಹಲವು ಭಾಷೆಗಳಲ್ಲಿ ಕಂಡುಬರುವ ಸಂಗತಿ. ಆದುದರಿಂದ ನಮ್ಮ ಶಬ್ದಗಳಿಗಾಗಿಯೂ ಪ್ರಾಣಿ ಸಾಕುವ ಸೀಮೆಯನ್ನು ನೋಡುವುದು ಯುಕ್ತ. ಅದಕ್ಕೆ ತುಮಕೂರಿನ ದಕ್ಷಿಣ ಭಾಗಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ, ಗುಬ್ಬಿ, ಕುಣಿಗಲ್ ಸುತ್ತಿನ ರೈತರ ಹಟ್ಟಿಗಳಲ್ಲಿ ಹಳ್ಳಿಕಾರ್ ತಳಿಯ ಎತ್ತುಗಳು, ನಡುನಡುವೆ ಕಾವಲುಗಳು.

‘ಕಾವಲ್’ ಎಂಬ ಮಾತು ಕಾಯುವುದೆಂಬ ಧಾತುವಿನಿಂದ ಬಂದುದು. ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುನೆಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಆ ಸರಕಾರಿ ಹಿಂಡುಗಳಿಗಾಗಿ ಮೈಸೂರು ಸೀಮೆಯಲ್ಲಿ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ನೆಲವನ್ನು ವಿಂಗಡಿಸಿದ್ದರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಸರನ್ನು ಇಂದು ಬಹುಮಂದಿ ಕೇಳಿರುವುದು ಅಲ್ಲಿನ ಹೆಲಿಕಾಪ್ಟರ್ ಕಾರ್ಖಾನೆಯಿಂದ. 615 ಎಕರೆ ನೆಲದಲ್ಲಿ ಎದ್ದ ಆ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಊರಹೆಸರಿನಲ್ಲಿ ಬಿದಿರೂ ಉಳಿದಿದೆ, ಕಾವಲೂ ಉಳಿದಿದೆ. ಕಾರ್ಖಾನೆ ಬೇಡವಾಗಿತ್ತೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಕಾವಲಿನಲ್ಲಿ ದನ ಮೇಯಿಸುವವರು ಬೇರೆ ಕಸುಬುಗಳಿಗೆ ಹೋದಂತೆ ಅವರ ಶಬ್ದಗಳಿಗೆ ಕೆಲಸ ಕಡಮೆಯಾಗುತ್ತದೆ; ಕೆಲಸವಿಲ್ಲದ ಶಬ್ದ ಒಂದು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲ.

ದನಗಳ ರೋಗಗಳಿಗೆ ನಮ್ಮ ರೈತರು ಇಟ್ಟಿರುವ ಹೆಸರುಗಳನ್ನು ನೋಡಿದರೆ ಅವುಗಳ ನೇರ ನಡೆ ಮನಸ್ಸಿಗೆ ಹಿಡಿಯುತ್ತದೆ. ಬಾಯಲ್ಲಿಯೂ ಗೊರಸಿನ ಸಂದಿಯಲ್ಲಿಯೂ ಹುಣ್ಣಾಗುವುದು ‘ಕಾಲುಬಾಯಿ ರೋಗ’. ಚಪ್ಪೆಯ ಮಾಂಸ ಬಾತುಕೊಳ್ಳುವುದು ‘ಚಪ್ಪೆ ರೋಗ’. ಗಂಟಲು ಊದಿ ಉಸಿರು ಕಟ್ಟುವುದು ‘ಗಂಟಲು ಬೇನೆ’ ಅಥವಾ ‘ಗಳಲೆ ರೋಗ’. ಹಾಲಿನ ಬದಲು ಕೀವು ನೆತ್ತರು ಬರುವುದು ‘ಕೆಚ್ಚಲು ಬಾವು’. ಊರಿಗೆ ಊರೇ ಹಟ್ಟಿ ಬರಿದುಮಾಡುತ್ತಿದ್ದ ಸಾಂಕ್ರಾಮಿಕಕ್ಕೆ ‘ದೊಡ್ಡರೋಗ’ವೆಂದರೆ ಸಾಕಾಗಿತ್ತು, 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾದ ರೋಗವದು. ಹೆಸರಿಡುವ ಈ ಶಕ್ತಿ ಬತ್ತಿಹೋಗಿಲ್ಲವೆಂಬುದಕ್ಕೆ ಸಾಕ್ಷಿ ಹೊಸ ರೋಗವೊಂದರ ಹೆಸರು: 2022ರಲ್ಲಿ ದನಗಳ ಮೈಮೇಲೆಲ್ಲ ಗಂಟು ಎಬ್ಬಿಸಿದ ರೋಗ ಕನ್ನಡದಲ್ಲಿ ‘ಚರ್ಮಗಂಟು ರೋಗ’ವಾಗಿ ಒಡನೆಯೇ ನೆಲೆಯೂರಿತು. ಕೀರ್ತಿವರ್ಮನ ‘ಗೋವೈದ್ಯ’ದಲ್ಲಿ ಔಷಧದೊಡನೆ ಮಂತ್ರವೂ ಬೆರೆತಿದೆಯೆಂದು ಅದನ್ನು ಕಡೆಗಣಿಸುವವರುಂಟು. ಶಬ್ದಶೋಧಕನಿಗೆ ಆ ಅಡ್ಡಿಯಿಲ್ಲ. ಮಂತ್ರದಿಂದ ವಾಸಿಯಾಗದ ರೋಗಕ್ಕೂ ಹೆಸರಂತೂ ಇದ್ದೇ ಇರುತ್ತದೆ.

ಇನ್ನು ನಂಜು. ತಮಿಳಿನ ‘ನಂಜು’ ಹಾಗೂ ಕನ್ನಡದ ‘ನಂಜು’ ಒಂದೇ. ಎರಡಕ್ಕೂ ಮೂಲಾರ್ಥ ವಿಷ. ಕಪಿಲೆಯ ದಡದ ನಂಜನಗೂಡಿನಲ್ಲಿ ನೆಲೆಸಿರುವವನು ವಿಷವನ್ನು ಉಂಡ ನಂಜುಂಡ. ಟಿಪ್ಪುವಿನ ಆನೆಯ ಕಣ್ಣಿನ ಬೇನೆ ಅವನ ಕೃಪೆಯಿಂದ ವಾಸಿಯಾಗಿ, ಸುಲ್ತಾನನು ಅವನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಹಾವಿನ ಹಲ್ಲಿನ ನಂಜು, ಗಾಯದ ನಂಜಾದುದು ಹೇಗೆ? ಗಾಯ ಕೆಂಪೇರಿ, ಬಾತು, ಕಾವೇರಿ, ಜ್ವರ ತರುವುದನ್ನು ಕಂಡ ಜನಕ್ಕೆ ಒಳಗೆ ವಿಷ ಸೇರಿತೆಂದು ತೋರಿದುದು ಸಹಜ. ‘ಗಾಯ ನಂಜಾಯಿತು’ ಎಂದರು. ಗಾಯವಾದವನು ಬದನೆಕಾಯಿ ತಿನ್ನಬಾರದು, ಅದು ನಂಜು ಎಂಬ ಮನೆಮಾತು ಇದರ ಇನ್ನೊಂದು ಕವಲು.

ಇಂಗ್ಲಿಷಿನ ‘ಅಟ್ಟರ್’ ಹಿಡಿದ ಹಾದಿ ಇದರ ನೆರಳಿನಂತಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ವಿಷ. ಜೇಡನನ್ನು ‘ಅಟ್ಟರ್‌ಕಾಪ್’, ಅಂದರೆ ವಿಷದ ತಲೆಯೆಂದು ಕರೆಯುತ್ತಿದ್ದರು. ಮಧ್ಯಯುಗದಲ್ಲಿ ಅದೇ ಅಟ್ಟರ್ ಹುಣ್ಣಿನ ಕೀವಿಗೂ ಹೆಸರಾಯಿತು. ಅದರ ಜರ್ಮನ್ ಸೋದರಶಬ್ದ ‘ಐಟರ್’ ಇಂದಿಗೂ ಜರ್ಮನಿಯಲ್ಲಿ ಕೀವಿನ ಸಾಮಾನ್ಯ ಹೆಸರು. ಎರಡು ನಾಡುಗಳ ನಡುವೆ ಕೊಡುಕೊಳೆಯಿಲ್ಲದೆ ಒಂದೇ ಅರ್ಥಪಲ್ಲಟ ನಡೆದುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ನಮಗೆ ತೋರುವುದಿಲ್ಲ. ಒಂದು ಅಂತರವುಂಟು: ಅಟ್ಟರ್ ಕೀವೆಂಬ ವಸ್ತುವಾಗಿ ನಿಂತಿತು, ಕನ್ನಡದ ನಂಜು ವಸ್ತುವಾಗದೆ ಸ್ಥಿತಿಯಾಗಿ ಉಳಿಯಿತು. ಕೀವು ಕಣ್ಣಿಗೆ ಕಾಣುವುದು, ನಂಜು ಒಳಗಿನದು. ಆದುದರಿಂದಲೇ ‘ನಂಜುನಿರೋಧಕ’ವೆಂಬ ಆಧುನಿಕ ಪಾರಿಭಾಷಿಕ ಸರಾಗವಾಗಿ ಹುಟ್ಟಿತು. ಕೊಳೆತವೆಂಬರ್ಥದ ಗ್ರೀಕ್ ಶಬ್ದದಿಂದ ‘ಸೆಪ್ಸಿಸ್’ ಬಂದಿದೆ. ನಮ್ಮ ಪಾಲಿಗೆ ನಂಜೇ ಅದಕ್ಕಿಂತ ಹೆಚ್ಚು ಹೊಂದುವ ಮಾತು. ರೋಗಾಣುಗಳು ಹೊರಹಾಕುವ ವಿಷವೂ ಆ ಸ್ಥಿತಿಗೆ ಒಂದು ಕಾರಣವೆಂದು ಇಂದಿನ ವೈದ್ಯವಿಜ್ಞಾನವೇ ಹೇಳುತ್ತದೆ.

‘ಸೋಂಕು’ ಎಂಬುದರ ಮೂಲಾರ್ಥ ಮುಟ್ಟುವುದು, ತಾಗುವುದು. ಲ್ಯಾಟಿನ್ನಿನಿಂದ ಹದಿನಾಲ್ಕನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದ ‘ಕಂಟೇಜನ್’ ಎಂಬುದೂ ಮುಟ್ಟುವ ಧಾತುವಿನದೇ; ಜತೆಗೆ ಬಂದ ‘ಇನ್ಫೆಕ್ಷನ್’ ಮಾತ್ರ ಬಣ್ಣದಲ್ಲಿ ಅದ್ದುವುದು, ಕಲೆಮಾಡುವುದು ಎಂಬ ಬೇರೆ ಕಲ್ಪನೆಯಿಂದ ಬಂದುದು. ಕನ್ನಡದಲ್ಲಿ ಗಾಳಿಯ ಸೋಂಕು, ದೆವ್ವದ ಸೋಂಕು ಎಂಬ ಬಳಕೆಗಳು ಹಳೆಯವು. ಅಂಟುಜಾಡ್ಯವೆಂಬುದು ರೋಗಕ್ಕೆ ಸಾಮಾನ್ಯ ಹೆಸರಾಗಿತ್ತು. 2020ರಲ್ಲಿ ಕೋವಿಡ್ ಬಂದಾಗ ದಿನದಿನದ ಪ್ರಕಟಣೆಗಳ ಮೂಲಕ ‘ಸೋಂಕಿತರು’ ಎಂಬುದು ಪ್ರತಿಯೊಂದು ಮನೆಯ ಮಾತಾಯಿತು. ಆದರೆ ಗಾಯದ ನಂಜನ್ನೂ ಈಗ ‘ಗಾಯದ ಸೋಂಕು’ ಎಂದು ಬರೆಯುವುದು ರೂಢಿಯಾಗುತ್ತಿದೆ. ಒಬ್ಬರಿಂದೊಬ್ಬರಿಗೆ ತಾಗುವುದು ಸೋಂಕು, ಗಾಯದಲ್ಲಿ ಬಲಿಯುವುದು ನಂಜು ಎಂಬ ವಿವೇಕ ಜನರ ಭಾಷೆಯಲ್ಲಿ ಇರುವಾಗ, ಒಂದು ಇಂಗ್ಲಿಷ್ ಶಬ್ದದ ನೆರಳಿನಲ್ಲಿ ಎರಡನ್ನೂ ಕಲಸುವುದು ಅನಾವಶ್ಯಕ.

ದೇಹದಿಂದ ಹೊರಬರುವ ಇತರ ದ್ರವಗಳ ಹೆಸರುಗಳನ್ನು ಇಲ್ಲಿ ವಿಸ್ತರಿಸಲು ಎಡೆಯಿಲ್ಲ. ಕಣ್ಣಿನ ಗೀಜು, ಕಿವಿಯ ಗುಗ್ಗೆ, ಮೂಗಿನ ಗೊಣ್ಣೆ, ಬಾಯ ಜೊಲ್ಲು ಒಂದೊಂದಕ್ಕೂ ಬೇರೆ ಬೇರೆ ಶಬ್ದ. ಹೆಂಗಸರ ಮಾಸಿಕಕ್ಕೆ ಮಧ್ಯಯುಗದ ಇಂಗ್ಲಿಷಿನಲ್ಲಿ ‘ಹೂಗಳು’ ಎಂಬರ್ಥದ ಮಾತು ಬಳಕೆಯಲ್ಲಿತ್ತು. ಸಂಸ್ಕೃತದ ‘ಪುಷ್ಪವತಿ’ಯನ್ನು ಬಲ್ಲ ನಮ್ಮ ಓದುಗರಿಗೆ ಅದು ಹೊಸತೆನಿಸದು.

ಹೆಸರುಗಳಿಗಿಂತ ಹೆಚ್ಚಾಗಿ ನಾವು ಒತ್ತಿ ಹೇಳಬೇಕೆಂದಿರುವುದು ಕ್ರಿಯಾಪದಗಳ ವಿಷಯ. ದ್ರವವು ಹೊರಬರುವ ರೀತಿಗೆ ಕನ್ನಡದಲ್ಲಿ ಒಂದು ಮೆಟ್ಟಿಲ ಸಾಲೇ ಇದೆ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಹರಿಯುವುದು, ಸುರಿಯುವುದು, ಚಿಮ್ಮುವುದು. ಸೋರುವುದು ಕಿವಿ, ಜಿನುಗುವುದು ತರಚಿದ ಚರ್ಮ, ಚಿಮ್ಮುವುದು ಕಡಿದ ನಾಳ. ಪ್ರಥಮ ಚಿಕಿತ್ಸೆಯ ದೃಷ್ಟಿಯಿಂದ ಇದು ಕೇವಲ ಅಲಂಕಾರವಲ್ಲ. ಅಪಧಮನಿ ಕಡಿದರೆ ನೆತ್ತರು ಹೃದಯದ ಮಿಡಿತಕ್ಕೆ ಸರಿಯಾಗಿ ಚಿಮ್ಮುತ್ತದೆ. ಅಭಿಧಮನಿಯಾದರೆ ಒಂದೇ ಸಮನೆ ಹರಿಯುತ್ತದೆ. ಸಣ್ಣ ಲೋಮನಾಳಗಳಾದರೆ ಜಿನುಗುತ್ತದೆ. ಮೊದಲನೆಯದರಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು, ಕೊನೆಯದು ತಾನಾಗಿ ನಿಲ್ಲಬಹುದು. ಮೂರನ್ನೂ ‘ರಕ್ತಸ್ರಾವ’ವೆಂದು ಬರೆದು, ಮುಂದೆ ‘ತೀವ್ರ’, ‘ಮಧ್ಯಮ’, ‘ಅಲ್ಪ’ ಎಂದು ಸೇರಿಸುವ ಕೈಪಿಡಿಯನ್ನು ಓದಿ ಗದ್ದೆಯಲ್ಲಿ ಕುಡುಗೋಲು ತಾಗಿದವನ ಬಳಿ ನಿಂತ ಹುಡುಗನು ಏನನ್ನು ನೋಡಬೇಕು? ‘ನೆತ್ತರು ಚಿಮ್ಮುತ್ತಿದೆಯೊ, ಹರಿಯುತ್ತಿದೆಯೊ, ಜಿನುಗುತ್ತಿದೆಯೊ ನೋಡು’ ಎಂದರೆ ಅವನ ಕಣ್ಣು ತಾನಾಗಿ ಸರಿಯಾದ ಕಡೆಗೆ ಹೋಗುತ್ತದೆ. ಬಳಿಕ ನೆತ್ತರು ‘ಹೆಪ್ಪುಗಟ್ಟುವುದು’. ಹಾಲಿಗೆ ಹೆಪ್ಪುಹಾಕುವ ಮನೆಯಿಂದ ಬಂದ ಈ ಮಾತನ್ನು ಶಾಸ್ತ್ರಗ್ರಂಥಗಳೂ ಒಪ್ಪಿಕೊಂಡಿರುವುದು ಸಂತೋಷದ ಸಂಗತಿ.

ಸಂಸ್ಕೃತ ಪರಿಭಾಷೆಗೆ ನಾವು ವಿರೋಧಿಗಳಲ್ಲ. ಸಮಾಸ ಮಾಡುವ ಸೌಲಭ್ಯ, ಭಾರತದ ಇತರ ಭಾಷೆಗಳೊಡನೆ ಹೊಂದಾಣಿಕೆ ಇವು ಅದರ ನಿಜವಾದ ಗುಣಗಳು, ಡಾ. ಡಿ. ಎಸ್. ಶಿವಪ್ಪನವರಂತಹ ವೈದ್ಯಲೇಖಕರು ಪದರಚನೆಯ ಕಷ್ಟವನ್ನು ಬಲ್ಲವರಾಗಿದ್ದರು. ಅಪಧಮನಿಗೆ ಅಚ್ಚಗನ್ನಡದ ಹೆಸರು ಹುಡುಕಿ ಹೊರಡುವುದು ವ್ಯರ್ಥ. ಜನರ ಭಾಷೆಯಲ್ಲಿ ಭೇದವಿಲ್ಲದೆಡೆ ಶಾಸ್ತ್ರವು ಶಬ್ದ ತರಲಿ. ಭೇದ ಇರುವೆಡೆ ಅದನ್ನು ಅಳಿಸುವ ಶಬ್ದವನ್ನು ತರುವುದು ಲಾಭವಲ್ಲ.

ಕೊನೆಗೆ ಒಂದು ಬಿಡದ ತೊಡಕು. ಗಾಯ ವಾಸಿಯಾಗುವುದಕ್ಕೆ ಕನ್ನಡದಲ್ಲಿ ‘ಮಾಯು’ ಎನ್ನುತ್ತಾರೆ. ತಮಿಳಿನ ‘ಮಾಯ್’ ಎಂಬುದಕ್ಕೆ ಮರೆಯಾಗು, ಇಲ್ಲವಾಗು ಎಂದು ಅರ್ಥ. ಇಂಗ್ಲಿಷಿನ ‘ಹೀಲ್’ ಎಂಬುದು ‘ಇಡಿಯಾಗು’ ಎಂಬ ಕಲ್ಪನೆಯಿಂದ ಹುಟ್ಟಿದ್ದರೆ, ನಮ್ಮದು ಗಾಯವೇ ಕಾಣದಾಗುವ ಕಲ್ಪನೆ. ಆದರೆ ಇಂದು ಅನೇಕರು ‘ಗಾಯ ಮಾಗಿತು’ ಎಂದೂ ಹೇಳುತ್ತಾರೆ, ಬರೆಯುತ್ತಾರೆ. ಮಾಗುವುದು ಹಣ್ಣಿನ ಕೆಲಸ. ಗಾಯ ಹಣ್ಣಾಗುವುದಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಉಚ್ಚಾರದ ಸಾಮೀಪ್ಯದಿಂದ ಎರಡು ಕ್ರಿಯಾಪದಗಳು ಬೆರೆತಿರುವಂತೆ ತೋರುತ್ತದೆ. ಈ ಬೆರಕೆ ಪೇಟೆಯ ಬರೆವಣಿಗೆಯಲ್ಲಿ ಮೊದಲಾಯಿತೊ, ಹಳ್ಳಿಯ ಆಡುಮಾತಿನಲ್ಲೊ ಎಂಬುದನ್ನು ಪರೀಕ್ಷಿಸುವುದು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸುಲಭ. ಗುಬ್ಬಿ, ಕುಣಿಗಲ್, ತುರುವೇಕೆರೆಗಳ ಕಡೆಯಿಂದ ಬರುವ ವಿದ್ಯಾರ್ಥಿಗಳು ರಜೆಗೆ ಮನೆಗೆ ಹೋದಾಗ, ದನ ಕಟ್ಟಿರುವ ಹಿರಿಯರನ್ನು ಕೇಳಬಹುದು. ಕೇಳುವಾಗ ‘ಮಾಯಿತು ಎನ್ನುತ್ತೀರೋ, ಮಾಗಿತು ಎನ್ನುತ್ತೀರೋ’ ಎಂದು ಬಾಯಿಗೆ ಮಾತು ತುರುಕಬಾರದು. ನೊಗ ತಿಕ್ಕಿ ಹುಣ್ಣಾಗಿದ್ದ ಎತ್ತಿನ ಹೆಗಲನ್ನು ತೋರಿಸಿ, ಈಗ ಹೇಗಿದೆಯಜ್ಜ ಎಂದು ಕೇಳಿ, ಅವರು ಆಡಿದ ವಾಕ್ಯವನ್ನು ಪೂರ್ತಿಯಾಗಿ, ಊರಿನ ಹೆಸರಿನೊಡನೆ ಬರೆದುಕೊಳ್ಳಬೇಕು.